ಅತ್ತೆ ತೇಗಿ ಮಾತು ಕಲಿತದ್ದು

ಮೊನ್ನೆ ಒಂದು ಮದುವೆ ಊಟದಲ್ಲಿ ನನ್ನ ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು ಮೊಸರನ್ನ ಮುಗಿಸಿ ಒಂದು ತೇಗು ತೇಗಿದರು. ಸಣ್ಣಪುಟ್ಟ ತೇಗಲ್ಲ, ಹೊಟ್ಟೆಯ ತಳದಿಂದ ಹೊರಟು, ದಾರಿಯಲ್ಲಿ ಎಲ್ಲೂ ನಿಲ್ಲದೆ, ಚಪ್ಪರದ ಆ ಕೊನೆ ಮುಟ್ಟಿದ ತೇಗು. ಎದುರು ಸಾಲಿನ ಹುಡುಗಿಯರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನಾನು ಮಾತ್ರ ಕಣ್ಣು ಒರೆಸಿಕೊಂಡೆ. ಜೊತೆಗೆ ಬಂದಿದ್ದ ತಂಗಿ "ಯಾಕಕ್ಕಾ, ಸಾರು ಖಾರವಾ?" ಅಂದಳು. ಹೌದು ಅಂದುಬಿಟ್ಟೆ. ಬಾಳೆಲೆ ಮುಂದೆ ಕೂತು ಎಷ್ಟಂತ ವಿವರಿಸೋದು? ನಿಮಗಾದರೆ ಹೇಳಬಹುದು, ನಿಮಗೆ ಪುರುಸೊತ್ತಿದೆ.

ನಂಜನಗೂಡಿನ ಕಡೆಯ ನಮ್ಮ ತವರಿನಲ್ಲಿ ತೇಗಿಗೆ ಬಹಳ ಮರ್ಯಾದೆ ಇತ್ತು. ಬಂದ ನೆಂಟರು ತೇಗದೆ ಎದ್ದರೆ ಅಜ್ಜಿಯ ಮುಖ ಬಾಡಿಹೋಗುತ್ತಿತ್ತು. "ಇನ್ನೊಂದ್ ಮುದ್ದೆ ಇಕ್ಕೇ, ಅವರಿಗೆ ಒಟ್ಟೆ ತುಂಬಿಲ್ಲ" ಎಂದು ಅಮ್ಮನಿಗೆ ಕಣ್ಸನ್ನೆ ಮಾಡುತ್ತಿದ್ದಳು. ಆದರೆ ಈ ಮರ್ಯಾದೆಯೆಲ್ಲ ಗಂಡಸರ ತೇಗಿಗೆ. ಹೆಣ್ಣುಮಕ್ಕಳು ತೇಗಿದರೆ ತಲೆಯ ಮೇಲೆ ಮೊಟಕು. ಹೀಗಾಗಿ ನಾನು ಚಿಕ್ಕಂದಿನಲ್ಲೇ ಸದ್ದಿಲ್ಲದೆ ತೇಗುವುದನ್ನು ಕಲಿತೆ. ಹಿತ್ತಿಲಿನ ಬಾಳೆ ಗಿಡದ ಮರೆಗೆ ಹೋಗಿ, ಬೇಕೆಂದಾಗ ಗಾಳಿ ನುಂಗಿ, ಬೇಕೆಂದಾಗ ಹೊರಗೆ ಬಿಡುವಷ್ಟು ಪಳಗಿದೆ. ಹಾಡು, ಹಸೆ, ಕಸೂತಿ ಯಾವುದೂ ನನಗೆ ಹತ್ತಲಿಲ್ಲ. ಹತ್ತಿದ್ದು ಇದೊಂದೇ. ಇದರಿಂದ ಯಾರಿಗಾದರೂ ಉಪಕಾರವಾದೀತು ಎಂದು ಆಗ ನನಗೂ ಗೊತ್ತಿರಲಿಲ್ಲ, ಮೊಟಕುತ್ತಿದ್ದ ಅಜ್ಜಿಗಂತೂ ಗೊತ್ತೇ ಇರಲಿಲ್ಲ.

ಸ್ವಾತಂತ್ರ್ಯ ಬಂದು ಕೆಲವೇ ವರ್ಷವಾಗಿತ್ತು, ನಾನು ಮದುವೆಯಾಗಿ ಮೈಸೂರಿನ ಅಗ್ರಹಾರಕ್ಕೆ ಬಂದೆ. ಮನೆಯ ಮುಂಭಾಗದಲ್ಲಿ ಮಾವನವರ ಸೋಡಾ ಫ್ಯಾಕ್ಟರಿ. ಫ್ಯಾಕ್ಟರಿ ಎಂದರೆ ಏನೇನೋ ಕಲ್ಪಿಸಿಕೊಳ್ಳಬೇಡಿ. ಒಂದು ಕೋಣೆ, ಕೈಯಲ್ಲಿ ತಿರುಗಿಸುವ ಒಂದು ಕಬ್ಬಿಣದ ಯಂತ್ರ, ಮೂಲೆಯಲ್ಲಿ ಗೋಲಿ ಬಾಟಲಿಗಳ ರಾಶಿ, ಬಾಗಿಲಲ್ಲೇ ಬಿಡಿ ಸೋಡಾ ಮಾರುವ ಅಂಗಡಿ. ಮಾವ ಪುಟ್ಟೇಗೌಡರು ಬೆಳಗಿನಿಂದ ಸಂಜೆಯವರೆಗೆ ಆ ಚಕ್ರ ತಿರುಗಿಸುತ್ತಿದ್ದರು. ನನ್ನ ಯಜಮಾನರು ಬಾಟಲಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಅಂಗಡಿಗಳಿಗೆ ಹಾಕಿ ಬರುತ್ತಿದ್ದರು. ಮಾವ ಮಾತಾಡುವವರಲ್ಲ. ಮಾತಾಡುವ ಅಗತ್ಯವೂ ಅವರಿಗೆ ಬಿದ್ದಿರಲಿಲ್ಲ. ಇಡೀ ಮನೆಯ ಮಾತನ್ನು ಅತ್ತೆ ಒಬ್ಬರೇ ಗುತ್ತಿಗೆ ಹಿಡಿದಿದ್ದರು.

ಅತ್ತೆಯ ಹೆಸರು ಸಣ್ಣಮ್ಮ. ಹೆಸರಿಟ್ಟವರು ಅವರ ಗಂಟಲು ಕೇಳಿರಲಿಲ್ಲ ಎಂದು ಕಾಣುತ್ತೆ. ಹಿತ್ತಿಲಲ್ಲಿ ನಿಂತು ಕರೆದರೆ ಬೀದಿ ಕೊನೆಯ ದೇವಸ್ಥಾನದ ಹತ್ತಿರ ಇರುವ ಹೂವಿನವಳು ಬುಟ್ಟಿ ಎತ್ತಿಕೊಂಡು ಬರುತ್ತಿದ್ದಳು. ಬೆಳಗ್ಗೆ ಅವರು ಹಾಲಿನವನಿಗೆ "ಆಲಿಗೆ ನೀರು ಬೆರ್ಸಿದ್ಯೋ, ನೀರಿಗೆ ಆಲು ಬೆರ್ಸಿದ್ಯೋ, ನಿಜ ಏಳು!" ಎಂದು ಕೂಗಿದರೆ ಸುತ್ತಲ ಮನೆಗಳಲ್ಲಿ ಜನ ಎದ್ದು ಕೂರುತ್ತಿದ್ದರು. ಗಂಡನ ಕಸುಬಿನ ಬಗ್ಗೆ ಅವರಿಗೆ ಎಳ್ಳಷ್ಟೂ ಗೌರವವಿರಲಿಲ್ಲ. "ನಮ್ಮಪ್ಪನ ಮನೇಲಿ ರಾಗಿ ಬೆಳೀತಿದ್ರು ಕಣಮ್ಮಿ. ಇಲ್ಲಿ ನೀರಿಗೆ ಗಾಳಿ ತುಂಬಿ ಮಾರ್ತಾವ್ರೆ" ಎಂದು ನನ್ನ ಹತ್ತಿರ, ಮಾವನಿಗೆ ಕೇಳುವಂತೆ, ಹೇಳುತ್ತಿದ್ದರು. ಮಾವ ಚಕ್ರವನ್ನು ಇನ್ನೂ ಸ್ವಲ್ಪ ಜೋರಾಗಿ ತಿರುಗಿಸುತ್ತಿದ್ದರು, ಅಷ್ಟೆ. ನಾನಂತೂ ಮೊದಲ ವರ್ಷವೆಲ್ಲ ಆ ದನಿ ಕೇಳಿದರೆ ಕೈಲಿದ್ದ ಪಾತ್ರೆ ಬಿಡುತ್ತಿದ್ದೆ. ಬಿದ್ದ ಪಾತ್ರೆಗೆ ಮತ್ತೊಂದು ಕೂಗು. ಅದಕ್ಕೆ ಇನ್ನೊಂದು ಪಾತ್ರೆ.

ಅಂಥ ದನಿ ಒಂದು ಚಳಿಗಾಲದಲ್ಲಿ ಒಡೆಯಿತು. ನೆಗಡಿ ಎಂದುಕೊಂಡೆವು. ಮೆಣಸಿನ ಕಷಾಯ, ಜೇನುತುಪ್ಪ, ಉಪ್ಪುನೀರು ಎಲ್ಲ ಆಯಿತು. ಚಳಿ ಹೋಗಿ ಮಾವಿನಕಾಯಿ ಕಾಲ ಬಂದರೂ ದನಿ ಬರಲಿಲ್ಲ, ಗರಗಸದ ಸದ್ದಾಯಿತು. ದೊಡ್ಡಾಸ್ಪತ್ರೆಯ ವೈದ್ಯರು ಗಂಟಲೊಳಗೆ ಪುಟ್ಟ ಕನ್ನಡಿ ಇಳಿಬಿಟ್ಟು ನೋಡಿ, ಕೈ ತೊಳೆದುಕೊಂಡು, "ಮದರಾಸಿಗೆ ಕರ್ಕೊಂಡು ಹೋಗಿ, ತಡ ಮಾಡಬೇಡಿ" ಎಂದರು. ಆ ಕಾಯಿಲೆಯ ಹೆಸರನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾವೂ ಹೇಳಲಿಲ್ಲ.

ಅಂಗಡಿ ನೋಡಿಕೊಳ್ಳಲು ಯಜಮಾನರು ಉಳಿದರು. ಅತ್ತೆ, ಮಾವ, ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು ಎಂಬ ಕಾರಣಕ್ಕೆ ನಾನು, ಮೂವರೂ ರೈಲು ಹತ್ತಿದೆವು. ಅಲ್ಲಿನ ಸರ್ಜನ್ ಕೋಲಾರದ ಕಡೆಯವರಂತೆ, ಕನ್ನಡ ಬರುತ್ತಿತ್ತು. ಅವರು ಮುಚ್ಚುಮರೆ ಮಾಡಲಿಲ್ಲ. "ಅಮ್ಮಾ, ಇದು ಕ್ಯಾನ್ಸರು. ಗಂಟಲಲ್ಲಿ ದನಿ ಹೊರಡೋ ಪೆಟ್ಟಿಗೆ ಇರುತ್ತಲ್ಲ, ಅದನ್ನೇ ತೆಗೀಬೇಕು. ತೆಗೆದರೆ ಬದುಕ್ತೀರಿ" ಎಂದರು.

"ತೆಗೆದ್ಮೇಲೆ ಮಾತು?"

"ಈಗಿನ ಹಾಗೆ ಇರಲ್ಲ. ಉಸಿರು ಕತ್ತಿನ ತೂತಿನಿಂದ ಆಡುತ್ತೆ. ಬೇರೆ ಥರ ಮಾತು ಕಲೀಬೇಕು."

ಅತ್ತೆ ಎದ್ದು, ಸೆರಗು ಸರಿಮಾಡಿಕೊಂಡು ಹೊರಗೆ ಹೊರಟೇಬಿಟ್ಟರು. ಆಸ್ಪತ್ರೆಯ ಉದ್ದನೆಯ ಜಗಲಿಯ ಬೆಂಚಿನಲ್ಲಿ ಕೂತು ಆ ಗರಗಸದ ದನಿಯಲ್ಲೇ, "ಮಾತಿಲ್ದೆ ಬದುಕೋಕಿಂತ ಮಾತಾಡ್ತಾ ಸಾಯ್ತೀನಿ ಬುಡಿ. ನಡೀರಿ ಊರಿಗೆ" ಎಂದರು.

ನಾನು ಅಳುವುದಕ್ಕೆ ಸಿದ್ಧಳಾದೆ. ಆಗ ಮಾವ ಮಾತಾಡಿದರು. ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಮದುವೆ ಆದಾಗಿಂದ ನೀ ಮಾತಾಡಿದೀಯ, ನಾ ಕೇಳಿದೀನಿ. ಒಂದಿನಾನೂ ಸಾಕು ಅಂದಿಲ್ಲ. ಇನ್ಮೇಲೆ ನೀ ಎಂಗೆ ಮಾತಾಡಿದ್ರೂ ಕೇಳ್ತೀನಿ. ಕೈಯಾಡಿಸಿದ್ರೂ ಕೇಳ್ತೀನಿ, ಕಣ್ಬುಟ್ರೂ ಕೇಳ್ತೀನಿ. ನೀನೇ ಇಲ್ದೆ ಓದ್ರೆ ನಾ ಯಾರನ್ನ ಕೇಳ್ಲಿ, ಏಳು?"

ಅತ್ತೆ ಎದುರಿಗಿದ್ದ ಬೇವಿನ ಮರ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಎದ್ದೇಳಮ್ಮಿ, ಮೂಗು ಒರ್ಸ್ಕೊ. ಆ ಡಾಕ್ಟ್ರು ಊಟಕ್ಕೋಗೋ ಮುಂಚೆ ಒಳೀಕೋಗಾನ" ಎಂದರು.

ಡಾಕ್ಟರು ನಮ್ಮನ್ನು ಕೂರಿಸಿ ಒಬ್ಬರನ್ನು ಕರೆಸಿದರು. ಬಿಳಿ ಪಂಚೆ, ಕತ್ತಿಗೆ ಒಂದು ತೆಳು ಬಟ್ಟೆ ಕಟ್ಟಿಕೊಂಡ ಎತ್ತರದ ಮನುಷ್ಯ. ರೈಲಿನಲ್ಲಿ ಗಾರ್ಡ್ ಆಗಿದ್ದವರಂತೆ. ಅವರಿಗೂ ಇದೇ ಆಪರೇಷನ್ ಆಗಿತ್ತು. ಹೊಸಬರಿಗೆ ಧೈರ್ಯ ಹೇಳಲು ಆಗಾಗ ಬರುತ್ತಿದ್ದರು. ಅವರು ಕೈಮುಗಿದು, ಗುಟುಕ್ ಎಂದು ಏನೋ ನುಂಗಿ, ಕೊಡದೊಳಗೆ ಕಪ್ಪೆ ಕೂತು ಮಾತಾಡಿದ ಹಾಗೆ, "ಕಾಫಿ ಆಯ್ತಾ?" ಎಂದು ತಮಿಳಿನಲ್ಲಿ ಕೇಳಿದರು.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಲೇ, ಇವ್ರು ತೇಗ್ತಾವ್ರೆ ಕಣೇ!"

"ಹೌದಮ್ಮ, ತೇಗೇ" ಎಂದರು ಡಾಕ್ಟರು. "ಗಾಳಿ ಅನ್ನನಾಳಕ್ಕೆ ಎಳ್ಕೊಂಡು, ತೇಗಿ, ಆ ಸದ್ದನ್ನೇ ಬಾಯಲ್ಲಿ ಮಾತು ಮಾಡ್ತಾರೆ. ನೀವೂ ಮಾಡಬಹುದು. ಆದರೆ ಆಪರೇಷನ್ ಆದಮೇಲೆ ಶುರು ಮಾಡೋದಲ್ಲ, ಈಗಲೇ ಶುರು ಮಾಡಬೇಕು." ಕೆಲವು ವಾರ ಊರಿಗೆ ಹೋಗಿ ಮೈ ಗಟ್ಟಿ ಮಾಡಿಕೊಂಡು ಬನ್ನಿ ಎಂದರು. ಹಾಲು, ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನಬೇಕು. ಹೊಗೆಸೊಪ್ಪು ಬಾಯಿಗೆ ಹಾಕಕೂಡದು. ದಿನಾ ನಡೆಯಬೇಕು, ಮೆಟ್ಟಿಲು ಹತ್ತಬೇಕು, ಎದೆ ತುಂಬ ಉಸಿರು ತೆಗೆದುಕೊಳ್ಳಬೇಕು. ದಿನಾ ತೇಗುವ ಅಭ್ಯಾಸ ಮಾಡಬೇಕು. "ತೇಗು ಬರದಿದ್ದರೆ ಸೋಡಾ ಕುಡೀರಿ. ನಿಮ್ಮೂರಲ್ಲಿ ಸೋಡಾ ಸಿಗುತ್ತೆ ತಾನೆ?"

ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ನಮ್ದೇ ಫ್ಯಾಕ್ಟರಿ ಅದೆ ಸ್ವಾಮಿ" ಎಂದರು. ಅಷ್ಟು ಹೆಮ್ಮೆಯಿಂದ ಆ ಮಾತನ್ನು ಅವರು ಹೇಳಿದ್ದು ಅದೇ ಮೊದಲು ಎಂದು ಕಾಣುತ್ತೆ. ಅತ್ತೆ ಬೇರೆ ಕಡೆ ನೋಡಿದರು.

ಹಕಾರ ಮಾತ್ರ ಬರುವುದು ಕಷ್ಟ, ಅದಕ್ಕೆ ಎದೆಯ ಉಸಿರು ಬೇಕು ಎಂದು ಡಾಕ್ಟರು ಬೇಸರದಿಂದ ಹೇಳಿದಾಗ ನಾನು ಸಮಾಧಾನ ಮಾಡಿದೆ: "ಪರವಾಗಿಲ್ಲ ಡಾಕ್ಟ್ರೇ, ನಮ್ಮತ್ತೆಗೆ ಅದು ಮೊದಲಿಂದಲೂ ಇಲ್ಲ." ಪ, ಟ, ಕ ಇರುವ ಪದಗಳಿಂದ ಶುರು ಮಾಡಿದರೆ ಸುಲಭ ಎಂದರು. "ನಿಮ್ಮ ಯಜಮಾನರ ಹೆಸರೇನಮ್ಮ?" ಅತ್ತೆ ನಾಚಿ ನನ್ನ ಪಕ್ಕೆ ತಿವಿದರು. ನಾನು ಹೇಳಿದೆ. ಡಾಕ್ಟರು ಮೇಜು ಕುಟ್ಟಿದರು. "ಪುಟ್ಟೇಗೌಡ! ಇದಕ್ಕಿಂತ ಒಳ್ಳೆ ಪದ ಬೇಕಾ? ದಿನಾ ಇದನ್ನೇ ಹೇಳಿ."

"ಅಯ್ಯೋ, ಗಂಡನ ಎಸರು ಕರೀತಾರಾ? ನಾಲ್ಗೆ ಬಿದ್ದೋಗಾಕಿಲ್ವಾ!" ಎಂದರು ಅತ್ತೆ. ಧ್ವನಿಪೆಟ್ಟಿಗೆ ಹೋಗುವುದಕ್ಕೆ ಒಪ್ಪಿಕೊಂಡವರಿಗೆ ನಾಲಿಗೆಯ ಚಿಂತೆ.

ಆ ಕೆಲವು ವಾರ ನಮ್ಮ ಮನೆ ಪೈಲ್ವಾನನ್ನು ಕುಸ್ತಿಗೆ ಸಜ್ಜು ಮಾಡುವ ಗರಡಿಯಾಯಿತು. ಬೆಳಗ್ಗೆ ನಾವಿಬ್ಬರೂ ಚಾಮುಂಡಿಬೆಟ್ಟದ ಮೆಟ್ಟಿಲಿನವರೆಗೆ ಹೋಗಿ ಕೈಲಾದಷ್ಟು ಹತ್ತಿ ಇಳಿಯುತ್ತಿದ್ದೆವು. ಮೊದಮೊದಲು ಏದುಸಿರು ಬಿಡುತ್ತಿದ್ದವಳು ನಾನು, ಅತ್ತೆ ಮೇಲಿನ ಮೆಟ್ಟಿಲಲ್ಲಿ ನಿಂತು, "ಬಾರೇ, ಆಪರೇಸನ್ ನಿಂಗೋ ನಂಗೋ?" ಎನ್ನುತ್ತಿದ್ದರು. ಹೊಗೆಸೊಪ್ಪು ಬಿಟ್ಟ ಸಿಟ್ಟೆಲ್ಲ ಮಾತಾಗಿ ಹರಿಯಿತು. ಗರಗಸವಾದರೇನು, ಇರುವಷ್ಟು ದಿನ ಬಳಸಿಬಿಡಬೇಕು ಎಂದು ನೆಂಟರ ಮನೆಗಳಿಗೆಲ್ಲ ಹೋಗಿ, ಬೈಯಬೇಕಾದವರನ್ನು ಬೈದು, ಹರಸಬೇಕಾದವರನ್ನು ಹರಸಿ ಬಂದರು. ಹುರುಳಿಕಾಳಿನ ಬಸ್ಸಾರಿಗೆ ಏನು ಎಷ್ಟು ಹಾಕಬೇಕು, ಬಾಣಂತಿಗೆ ಏನು ಕೊಡಬೇಕು, ಮಾವನಿಗೆ ಯಾವಾಗ ಸಿಟ್ಟು ಬರುತ್ತೆ, ಬಂದರೆ ಹೇಗೆ ಗೊತ್ತಾಗುತ್ತೆ, ಎಲ್ಲ ನನಗೆ ಹೇಳಿಕೊಟ್ಟರು. ಅವರಿಗೆ ಓದುಬರಹ ಇರಲಿಲ್ಲ. ಬಾಯಿ ಹೋದಮೇಲೆ ಸ್ಲೇಟು ಹಿಡಿದು ಬರೆಯುವ ದಾರಿಯೂ ಇಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಳುತ್ತ ಹೇಳುತ್ತ ಒಂದೊಂದು ಸಲ ನಿಲ್ಲಿಸಿ, "ಇನ್ನೇನೋ ಇತ್ತಲ್ಲಾ" ಎಂದು ಹಣೆ ಒತ್ತಿಕೊಳ್ಳುತ್ತಿದ್ದರು. ಆಗ ನನಗೆ ಅಳು ತಡೆಯುವುದು ಕಷ್ಟವಾಗುತ್ತಿತ್ತು.

ಆದರೆ ತೇಗು ಬರಲಿಲ್ಲ. ಹೆಂಗಸು ತೇಗಕೂಡದು ಎಂದು ಅವರಿಗೂ ಯಾರೋ ಅಜ್ಜಿ ಮೊಟಕಿದ್ದಳೋ ಏನೋ. ಸೋಡಾ ಕುಡಿದು, ಬಂದ ತೇಗನ್ನು ಸೆರಗಿನಲ್ಲಿ ಮುಚ್ಚಿ ಒಳಗೇ ನುಂಗುತ್ತಿದ್ದರು. ಕೊನೆಗೆ ನಾನೇ ಎದುರು ಕೂತು, ನನ್ನ ಬಾಳೆಗಿಡದ ಮರೆಯ ವಿದ್ಯೆಯನ್ನು ಮೊದಲ ಬಾರಿಗೆ ಬಹಿರಂಗವಾಗಿ ಪ್ರದರ್ಶಿಸಿದೆ. ಅತ್ತೆ ಬಾಯಿ ತೆರೆದು ನನ್ನನ್ನೇ ನೋಡಿದರು. "ಇದನ್ನ ನಿಮ್ಮಪ್ಪ ಎಣ್ಣು ತೋರ್ಸುವಾಗ ಏಳ್ನೇ ಇಲ್ವಲ್ಲೇ!" ಎಂದು ನಕ್ಕರು. ಆ ನಗುವಿನ ನಡುವೆ ಅವರಿಗೂ ಒಂದು ತೇಗು ಬಂದೇಬಿಟ್ಟಿತು.

ಹಿಂದಿನ ಜಗಲಿಯಲ್ಲಿ ಅತ್ತೆಸೊಸೆ ಕೂತು ದಿನಾ ಮಧ್ಯಾಹ್ನ ತೇಗುವುದು ಬೀದಿಗೆಲ್ಲ ಕೇಳಿಸಿತು. ಎದುರುಮನೆಯ ಸಿಸಿಲಿಯಮ್ಮ, ಚರ್ಚಿಗೆ ತಪ್ಪದೆ ಹೋಗುತ್ತಿದ್ದ ಸಂಕೋಚದ ಹೆಂಗಸು, ಒಂದು ದಿನ ಓಮದ ಕಷಾಯ ಮಾಡಿ ತಂದು, "ತಪ್ಪು ತಿಳೀಬೇಡಿ ಕಣ್ರೀ, ನಿಮ್ಮನೇಲಿ ಯಾರಿಗೂ ಜೀರ್ಣ ಆಗ್ತಿಲ್ಲ ಅನ್ಸುತ್ತೆ" ಎಂದರು. ವಿಷಯ ತಿಳಿದಮೇಲೆ ಅವರೂ ಕೂತು ಒಂದು ಸೋಡಾ ಕುಡಿದರು. ಎಷ್ಟು ಹೇಳಿದರೂ ತೇಗಲಿಲ್ಲ.

ಆಪರೇಷನ್ ಆಯಿತು. ಆ ದಿನಗಳನ್ನು ಉದ್ದ ಮಾಡುವುದಿಲ್ಲ. ಎಚ್ಚರವಾದ ಅತ್ತೆ ನಮ್ಮನ್ನು ಕಂಡು ಬಾಯಿ ತೆರೆದರು, ತುಟಿ ಆಡಿತು, ಏನೂ ಕೇಳಲಿಲ್ಲ. ಕತ್ತಿನ ತೂತಿನಿಂದ ಗಾಳಿ ಸುಯ್ಯೆಂದಿತು. ಮಾವ ಮಂಚದ ಹತ್ತಿರ ಬಗ್ಗಿ, ಎಲ್ಲ ಕೇಳಿಸಿದವರಂತೆ, "ಊಂ, ಆಗ್ಲಿ" ಎಂದರು. ಏನು ಕೇಳಿಸಿತು ಎಂದು ನಾನು ಕೇಳಿದ್ದಕ್ಕೆ, "ಅಂಗಡಿ ನೋಡ್ಕೊಳೋರು ಯಾರು ಅಂದ್ಲು" ಎಂದರು. ಅತ್ತೆ ಹೌದೆಂದು ತಲೆಯಾಡಿಸಿದರು.

ಊರಿಗೆ ಬಂದಮೇಲೆ ಮನೆ ಬಿಕೋ ಎನ್ನುತ್ತಿತ್ತು. ಹಾಲಿನವನು ಯಾರೂ ಬೈಯದೆ ಹಾಲು ಅಳೆದುಕೊಟ್ಟು ಪೆಚ್ಚಾಗಿ ಹೋಗುತ್ತಿದ್ದ. ಅತ್ತೆ ಚಪ್ಪಾಳೆ ತಟ್ಟಿ, ಲೋಟ ಬಡಿದು ಕರೆಯುತ್ತಿದ್ದರು. ನಾನು ಬಂದರೆ ಹೇಳಬೇಕಾದದ್ದು ಹೇಳಲಾಗದೆ ಮುಖ ತಿರುಗಿಸುತ್ತಿದ್ದರು. ಆಪರೇಷನ್ನಿಗೆ ಮುಂಚೆ ಬರುತ್ತಿದ್ದ ತೇಗು ಈಗ ಬರಲೊಲ್ಲದು. ಹೊಸ ಗಾಯ, ಎಲ್ಲ ಬಿಗಿ. ಒಂದು ದಿನ ಸೋಡಾ ಬಾಟಲಿಯನ್ನು ತಳ್ಳಿ, ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ನನಗೆ ಹೆದರಿಕೆಯಾಯಿತು. ಮಾವ ಇನ್ನೊಂದು ಬಾಟಲಿ ತಂದು, ಗೋಲಿ ಒತ್ತಿ ತೆಗೆದು, ಮಂಚದ ಪಕ್ಕ ಇಟ್ಟು ಹೋದರು. ಮರುದಿನವೂ ಇಟ್ಟರು. ಅದರ ಮರುದಿನವೂ.

ಅವರನ್ನು ಎಬ್ಬಿಸಿದ್ದು ಒಲೆ. ನಾನು ಹಸಿ ಸೌದೆಯ ಜೊತೆ ಗುದ್ದಾಡುತ್ತಿದ್ದೆ. ಅತ್ತೆಗೆ ನೋಡಲಾಗಲಿಲ್ಲ, ಬಂದು ಊದುಗೊಳವೆ ಕಸಿದು ಬಾಯಿಗಿಟ್ಟು ಊದಿದರು. ಚೂರು ಬೂದಿಯೂ ಅಲುಗಲಿಲ್ಲ. ಉಸಿರು ಬಾಯಿಂದ ಬರುವುದಿಲ್ಲ ಎನ್ನುವುದು ಆಗ ನೆನಪಾಗಿರಬೇಕು. ಅತ್ತೆ ಊದುಗೊಳವೆಯನ್ನೇ ದಿಟ್ಟಿಸಿದರು. ಆಮೇಲೆ ಕತ್ತಿನ ಬಟ್ಟೆ ಸರಿಸಿ, ಕೊಳವೆಯನ್ನು ಕತ್ತಿಗೆ ಇಟ್ಟುಕೊಂಡು ಒಂದು ಊದು ಊದಿದರು ನೋಡಿ! ಒಲೆ ಬುಗ್ಗೆಂದಿತು. ನನ್ನ ಮುಖದ ತುಂಬ ಬೂದಿ. ನನ್ನ ಅವತಾರ ನೋಡಿ ಅತ್ತೆಗೆ ಸದ್ದಿಲ್ಲದ ನಗು, ಮೈಯೆಲ್ಲ ಕುಲುಕುವ ನಗು. ಮಾವ ಹೊಗೆಗೆ ಹೆದರಿ ಆ ವಾರವೇ ಪಂಪ್ ಹೊಡೆಯುವ ಸೀಮೆಎಣ್ಣೆ ಸ್ಟೌವ್ ತಂದರು. ಅತ್ತೆ ಒಲೆ ಊದಿದ ದಿನವೇ ಸಂಜೆ ತಾವಾಗಿಯೇ ಜಗಲಿಗೆ ಬಂದು, ನನ್ನ ಎದುರು ಕೂತು, ಬಾಟಲಿಗೆ ಕೈಚಾಚಿದರು.

ಅ, ಪ್ಪ. ಅ, ಕ್ಕ. ಗುಟುಕು, ತೇಗು, ಮತ್ತೆ ಗುಟುಕು. ತಿಂಗಳುಗಟ್ಟಲೆ ಅದೇ. ಒಂದು ಬೆಳಗ್ಗೆ ನಾನು ಸ್ಟೌವಿನ ಮೇಲೆ ಹಾಲಿಟ್ಟು ಕಿಟಕಿಯಲ್ಲಿ ಯಾವುದೋ ಮೆರವಣಿಗೆ ನೋಡುತ್ತ ನಿಂತಿದ್ದೆ. ಹಾಲು ಉಕ್ಕಿ ಹರಿಯಿತು. ಹಿಂದಿನಿಂದ, ಕೊಡದೊಳಗಿನ ಕಪ್ಪೆಯ ದನಿಯಲ್ಲಿ, ಸ್ಪಷ್ಟವಾಗಿ ಕೇಳಿಸಿತು:

"ಕತ್ತೆ!"

ನಾನು ಹಾಲು ಬಿಟ್ಟು ಅಂಗಡಿಗೆ ಓಡಿದೆ. "ಮಾವಾ, ಅತ್ತೆ ನನ್ನ ಕತ್ತೆ ಅಂದ್ರು! ಕತ್ತೆ ಅಂದ್ರು ಮಾವಾ!" ಎಂದು ಗಿರಾಕಿಗಳ ಮುಂದೆ ಕೂಗಿದೆ. ಗಿರಾಕಿಗಳು ಪಾಪ, ಈ ಮನೆಯ ಸೊಸೆಗೆ ಬುದ್ಧಿ ಕೆಟ್ಟಿತು ಎಂದುಕೊಂಡಿರಬೇಕು. ಮಾವ ಚಕ್ರ ಬಿಟ್ಟು ಒಳಗೆ ಬಂದರು. ಅತ್ತೆ ಅವರನ್ನೂ, ನನ್ನನ್ನೂ, ನೆಲದ ಮೇಲಿನ ಹಾಲನ್ನೂ ನೋಡಿ ಮತ್ತೊಮ್ಮೆ ಹೇಳಿದರು. ಅಂದು ಸಂಜೆ ಮನೆಯಲ್ಲಿ ಪಾಯಸ.

ಅದಾದಮೇಲೆ ಪದಗಳು ಒಂದೊಂದಾಗಿ ಬಂದವು. ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಸೌದೆ ಕೊಟ್ಟಿಗೆಯಿಂದ ಮೆಲ್ಲಗೆ "ಪು... ಟ್ಟೇ... ಗೌ... ಡ" ಎಂದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಇನ್ನೂ ಸಲೀಸಾಗಿ. ಯಾರೂ ಇಲ್ಲ ಎಂದುಕೊಂಡು ಅತ್ತೆ ಡಾಕ್ಟರ ಪಾಠ ಒಪ್ಪಿಸುತ್ತಿದ್ದರು. ಖಾಲಿ ಬಾಟಲಿಗಳ ಪೆಟ್ಟಿಗೆ ಎತ್ತಿಕೊಳ್ಳಲು ಬಂದ ಮಾವ ಬಾಗಿಲಲ್ಲೇ ನಿಂತುಬಿಟ್ಟರು. ಅತ್ತೆ ತಿರುಗಿ ನೋಡಿ, ನಾಲಿಗೆ ಕಚ್ಚಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ಕರೆದ್ಯಾ?" ಎಂದರು ಮಾವ.

ಅತ್ತೆ ಇಲ್ಲವೆಂದು ತಲೆಯಾಡಿಸಿದರು.

"ಇನ್ನೊಂದ್ಸಲ ಕರಿ."

ನಾನು ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಹೋದೆ. ಕರೆದರೋ ಇಲ್ಲವೋ ನನಗೆ ತಿಳಿಯದು. ಆದರೆ ಆ ಮಧ್ಯಾಹ್ನ ಮಾವ ಚಕ್ರ ತಿರುಗಿಸುತ್ತ ಸಣ್ಣಗೆ ಏನೋ ಗುನುಗುತ್ತಿದ್ದರು.

ಅತ್ತೆಯ ಹೊಸ ದನಿಗೆ ಹಳೆಯದರ ಜೋರಿರಲಿಲ್ಲ. ಕೇಳಬೇಕೆಂದರೆ ಹತ್ತಿರ ಬರಬೇಕು, ಬೇರೆಯವರು ಬಾಯಿ ಮುಚ್ಚಬೇಕು. ಬೀದಿ ನಲ್ಲಿಯ ಜಗಳದಲ್ಲಿ ಅವರು ಕೈಯೆತ್ತಿ ಗುಟುಕ್ ಎಂದರೆ ಎಲ್ಲ ಹೆಂಗಸರೂ ಬಿಂದಿಗೆ ಕೆಳಗಿಟ್ಟು ಸುಮ್ಮನಾಗುತ್ತಿದ್ದರು. "ಮೊದ್ಲು ಕಿರಿಚ್ತಿದ್ದೆ, ಯಾರೂ ಕೇಳ್ತಿರ್ನಿಲ್ಲ. ಈಗ ತೇಗ್ತೀನಿ, ಎಲ್ಲ ಕೇಳ್ತಾರೆ" ಎಂದು ಅವರೇ ಹೇಳಿಕೊಂಡು ಖುಷಿಪಡುತ್ತಿದ್ದರು. ಸ್ನಾನದಲ್ಲಿ ಕತ್ತಿಗೆ ನೀರು ತಾಗದಂತೆ ಜೋಪಾನ, ಹೊರಗೆ ಹೊರಟರೆ ಕತ್ತಿಗೆ ಬಿಳಿ ಬಟ್ಟೆ. ಅದಕ್ಕೆ ನಾನು ಅಂಚಿಗೆ ಹೂ ಹಾಕಿಕೊಟ್ಟೆ. ಕಸೂತಿ ನನಗೆ ಹತ್ತಿರಲಿಲ್ಲ ಎಂದೆನಲ್ಲ. ಆ ಹೂವನ್ನು ಸಿಸಿಲಿಯಮ್ಮ ಜೇಡ ಎಂದುಕೊಂಡು ಹೊಡೆಯಲು ಬಂದಿದ್ದರು. ಆದರೂ ಅತ್ತೆ ಅದನ್ನೇ ಕಟ್ಟಿಕೊಂಡು ಮದುವೆ ಮುಂಜಿಗಳಿಗೆ ಹೋದರು. ಮದರಾಸಿನ ಡಾಕ್ಟರು ವರ್ಷವರ್ಷವೂ ನೋಡಿ, ಕಾಯಿಲೆ ಮರಳಿಲ್ಲ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು.

ಆಮೇಲೆ ನನಗೆ ಮಗಳು ಹುಟ್ಟಿದಳು. ಹುಟ್ಟಿದಾಗಿನಿಂದ ಅಜ್ಜಿಯ ಮಡಿಲೇ ಅವಳ ಮನೆ. ಅತ್ತೆ ಅವಳನ್ನು ದಿನವಿಡೀ ಮಾತಾಡಿಸುತ್ತಿದ್ದರು. ಕಾಗೆ, ಗುಬ್ಬಿ, ಕೊತ್ತಿ, ಎಲ್ಲ ಪರಿಚಯ. ಮಗುವಿಗೆ ಮಾತು ಬರುವ ಕಾಲ ಬಂತು. ಒಂದು ದಿನ ಅಪ್ಪ ಸೈಕಲ್ ನಿಲ್ಲಿಸಿ ಒಳಗೆ ಬಂದದ್ದು ಕಂಡು ಮಗು ಕೆನ್ನೆ ಉಬ್ಬಿಸಿತು, ಗುಟುಕ್ ಎಂದು ಗಾಳಿ ನುಂಗಿತು, ಆಮೇಲೆ ಹೊಟ್ಟೆಯಿಂದ "ಅಪ್ಪ" ಎಂದಿತು. ತೇಗಿನಲ್ಲಿ. ನಾವು ಆಕಸ್ಮಿಕ ಎಂದುಕೊಂಡೆವು. "ಅಕ್ಕ" ಕೂಡ ತೇಗಿನಲ್ಲೇ ಬಂತು. "ಕಾಕ" ಕೂಡ.

ನನ್ನ ಜೀವ ಬಾಯಿಗೆ ಬಂತು. ಮಗುವನ್ನು ಎತ್ತಿಕೊಂಡು, ಅತ್ತೆಯ ಗಂಟಲು ಮೊದಲು ನೋಡಿದ್ದ ದೊಡ್ಡಾಸ್ಪತ್ರೆಯ ಡಾಕ್ಟರ ಹತ್ತಿರ ಓಡಿದೆ. ಅವರು ಟಾರ್ಚ್ ಬಿಟ್ಟು ಗಂಟಲು ನೋಡಿದರು, ಕತ್ತು ಮುಟ್ಟಿದರು, ಎದೆಗೆ ಕೊಳವೆ ಇಟ್ಟರು. ಕೊನೆಗೆ, "ಮಗು ದಿನವೆಲ್ಲ ಯಾರ ಹತ್ರ ಇರುತ್ತೆ?" ಎಂದರು. ನಾನು ಹೇಳಿದೆ. ಅವರು ಟಾರ್ಚ್ ಕೆಳಗಿಟ್ಟು ಕುರ್ಚಿಗೆ ಒರಗಿ ನಕ್ಕರು. "ಮಗುವಿಗೆ ಏನೂ ಆಗಿಲ್ಲಮ್ಮ. ಮನೇಲಿ ಹೆಚ್ಚು ಮಾತಾಡೋರು ಯಾರೋ, ಅವರ ಹತ್ರ ಮಾತು ಕಲಿತಿದೆ."

ಮನೆಗೆ ಬಂದು ಹೇಳಿದೆ. ಮಾವ ಜೋರಾಗಿ ನಕ್ಕರು. ಅತ್ತೆಯ ಹೆಗಲು ಕುಣಿಯಿತು, ಕತ್ತಿನ ಬಟ್ಟೆ ಪಟಪಟ ಹಾರಿತು, ಕಣ್ಣಲ್ಲಿ ನೀರು ಬಂತು. ಆಮೇಲೆ ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಪುಟ್ಟ ಬೆರಳನ್ನು ಅದರದೇ ಕತ್ತಿನ ಮೇಲೆ ಇಡಿಸಿ, ಗಾಳಿ ನುಂಗಿ, ಭಾರಿ ಗದರಿಕೆಯಲ್ಲಿ ಹೇಳಿದರು:

"ನಿಂಗೆ ಗಂಟ್ಲದೆ ಕಣೇ ಮುಂಡೇದೆ. ಗಂಟ್ಲಲ್ಲಿ ಮಾತಾಡು!"